ಹಳೆ ಕಾರಿನ ಫೈರ್‌ವಾಲ್‌ಗೆ ಮನೆಯಲ್ಲೇ ಪ್ಯಾನೆಲ್: ಯಾವ ಶೀಟ್ ಯಾರಿಗೆ?

ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಚಿತ್ರದುರ್ಗ ಬಿಟ್ಟು ದಾವಣಗೆರೆಗೆ ಹಳೆ ಅಂಬಾಸಿಡರ್ ಓಡಿಸಿಕೊಂಡು ಬನ್ನಿ. ಅರವತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೆ. ಭರಮಸಾಗರ ದಾಟುವ ಹೊತ್ತಿಗೆ ನಮ್ಮೂರಿನ ಮಂಡಕ್ಕಿ ಭಟ್ಟಿಯೇ ತಂಪು ಅನ್ನಿಸುತ್ತದೆ. ನನ್ನ ಹೆಂಡತಿ ಎಡಗಡೆ ಸೀಟಿನಲ್ಲಿ ಕಾಲು ಕೆಳಗೆ ಬಿಡುವುದನ್ನೇ ನಿಲ್ಲಿಸಿದ್ದಳು. ಚಕ್ಕಳಮಕ್ಕಳ ಹಾಕಿಕೊಂಡೇ ಊರು ಸೇರುತ್ತಿದ್ದಳು.

ಇದಕ್ಕೆ ಕಾರಣವಿದೆ. 1489 ಸಿಸಿ ಪೆಟ್ರೋಲ್ ಅಂಬಾಸಿಡರ್ ಎಂಜಿನ್‌ನಲ್ಲಿ ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಡೂ ಎಡಗಡೆಗೇ ಇವೆ. ಹೊಗೆ ಹೊರಗೆ ಹೋಗುವ ಕಾದ ಕಬ್ಬಿಣ ಪಕ್ಕದವರ ಕಾಲಿನ ಆಚೆ ಬದಿಗೆ ಕೂತಿದೆ. ನಡುವೆ ಇರುವುದು ಒಂದು ತಗಡು. ಅದೇ ಫೈರ್‌ವಾಲ್. ಹೆಸರು ಮಾತ್ರ ದೊಡ್ಡದು.

ಈಚೆಗೆ ಇದೇ ವಿಷಯ ಮೂರು ಥರದ ಜನ ಕೇಳಿದರು. ಒಬ್ಬರದು ಪ್ರೀಮಿಯರ್ ಪದ್ಮಿನಿ, ಭಾನುವಾರ ಮಾತ್ರ ಹೊರಗೆ ತೆಗೆಯುತ್ತಾರೆ. ಇನ್ನೊಬ್ಬರದು ಡೀಸೆಲ್ ಅಂಬಾಸಿಡರ್. ಅವರಿಗೆ ಬಿಸಿಗಿಂತ ಸದ್ದಿನ ಕಾಟ ಜಾಸ್ತಿ. ಮೂರನೆಯವರಿಗೆ ಕಾರು ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೇ ಕಾಣಬೇಕು. ಮೂವರ ಪ್ರಶ್ನೆಯೂ ಒಂದೇ: "ಅಣ್ಣಾ, ಯಾವ ಶೀಟ್ ಹಾಕಿದ್ರೆ ಒಳ್ಳೇದು?"

ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಬಿಸಿ ಬೇರೆ, ಸದ್ದು ಬೇರೆ, ನೀರು ಬೇರೆ. ಮೂರನ್ನೂ ತಡೆಯುವ ಒಂದು ಶೀಟ್ ಇದೆ ಎಂದು ಅಂಗಡಿಯವನು ಹೇಳಿದರೆ ನಗುತ್ತಾ ಮುಂದಕ್ಕೆ ಹೋಗಿ. ನಾನು ನಗದೆ ದುಡ್ಡು ಕೊಟ್ಟು ಬಂದಿದ್ದೆ. ಆ ಕಥೆ ಮುಂದೆ ಬರುತ್ತದೆ.

ಕೊಳ್ಳುವ ಮುಂಚೆ ಏನು ನೋಡಬೇಕು

ಮೊದಲನೆಯದು ಬೆಂಕಿ. ಬಿಸಿಗಿಂತ ಮುಂಚೆ ಇದನ್ನೇ ಹೇಳುತ್ತೇನೆ. ಹಳೆ ಕಾರಿನಲ್ಲಿ ಪೆಟ್ರೋಲ್ ಪೈಪ್ ಹಳೆಯದು, ವೈರಿಂಗ್ ಹಳೆಯದು, ಫ್ಯೂಸ್ ಎರಡೋ ನಾಲ್ಕೋ. ಅಂಥ ಜಾಗದಲ್ಲಿ ಹೊತ್ತಿ ಉರಿಯುವ ಸಾಮಾನು ಅಂಟಿಸಿದರೆ ನಮ್ಮ ಕೈಯಾರೆ ಚಿತೆ ಒಟ್ಟಿದ ಹಾಗೆ. ಅಮೆರಿಕದಲ್ಲಿ ಕಾರಿನ ಒಳಗಿನ ಬಟ್ಟೆ, ಫೋಮ್, ಮ್ಯಾಟಿಗೆ ಒಂದು ನಿಯಮವಿದೆ. ಅಡ್ಡಲಾಗಿ ಹಿಡಿದ ತುಂಡಿನಲ್ಲಿ ಬೆಂಕಿ ನಿಮಿಷಕ್ಕೆ 102 ಮಿ.ಮೀ.ಗಿಂತ ಬೇಗ ಹರಡಬಾರದು. ನಮ್ಮಲ್ಲಿ ಐಎಸ್ 15061 ಎಂಬ ಭಾರತೀಯ ಮಾನದಂಡ ಇದೇ ಜಾತಿಯದು.

ಇದನ್ನು ಮನೆಯ ಹಿತ್ತಲಲ್ಲೇ ನೋಡಬಹುದು. ಎರಡು ಬೆರಳು ಅಗಲ, ಒಂದು ಗೇಣು ಉದ್ದದ ತುಂಡು ಕತ್ತರಿಸಿ. ತುದಿಯಿಂದ ಹತ್ತು ಸೆಂಟಿಮೀಟರ್‌ಗೆ ಒಂದು ಗೆರೆ ಎಳೆಯಿರಿ. ಮರಳು ತುಂಬಿದ ಬಕೆಟ್ ಮೇಲೆ ಇಕ್ಕಳದಲ್ಲಿ ಅಡ್ಡ ಹಿಡಿದು ತುದಿಗೆ ಬೆಂಕಿ ಹಚ್ಚಿ. ಒಂದು ನಿಮಿಷದೊಳಗೆ ಗೆರೆ ಮುಟ್ಟಿತೇ? ಉರಿಯುವ ಹನಿ ತೊಟ್ಟಿಕ್ಕಿತೇ? ಹಾಗಾದರೆ ಅದು ಕಾರಿಗೆ ಬೇಡ. ತಾನೇ ಆರಿದರೆ ಒಳ್ಳೆಯದು. ಹೊಗೆ ಮೂಗಿಗೆ ಹೋಗದಂತೆ ನಿಂತುಕೊಳ್ಳಿ, ಮಕ್ಕಳನ್ನು ದೂರ ಕಳಿಸಿ.

ಎರಡನೆಯದು ನೀರು. ದಾವಣಗೆರೆಯಲ್ಲಿ ಏನ್ ಮಹಾ ಮಳೆ ಅನ್ನಬೇಡಿ. ಮುಂದಿನ ಗಾಜಿನ ರಬ್ಬರ್ ಒಣಗಿ ಬಿರುಕು ಬಿಟ್ಟಿರುತ್ತದೆ. ಕಾರು ತೊಳೆದ ನೀರೇ ಒಳಗೆ ಇಳಿಯುತ್ತದೆ. ನೀರು ಕುಡಿಯುವ ಸಾಮಾನು ತಗಡಿಗೆ ಅಂಟಿದ್ದರೆ ಆರು ತಿಂಗಳು ಸುಮ್ನೆ ಕೂತು ತುಕ್ಕು ಸಾಕುತ್ತದೆ. ಮೇಲಿನಿಂದ ಏನೂ ಕಾಣುವುದಿಲ್ಲ.

ಆಮೇಲೆ ಕಾವು ತಡೆಯುವ ಶಕ್ತಿ, ಸದ್ದು, ತೂಕ, ದಪ್ಪ, ದುಡ್ಡು. ಕೊನೆಯದು ಯಾರೂ ಕೇಳದ್ದು: ಬೇಕೆಂದಾಗ ಬಿಚ್ಚಲು ಬರುತ್ತದೆಯೇ? ಹಳೆ ಕಾರಿನಲ್ಲಿ ಇವತ್ತಲ್ಲ ನಾಳೆ ವೈಪರ್ ಮೋಟರ್, ಕ್ಲಚ್, ವೈರಿಂಗ್ ಯಾವುದಾದರೂ ಬಿಚ್ಚಲೇಬೇಕು. ಅದಕ್ಕೇ ನಾನು ಶೀಟನ್ನು ಪೂರಾ ತಗಡಿಗೆ ಅಂಟಿಸುವ ಬದಲು ತೆಳು ಹಲಗೆಗೆ ಅಂಟಿಸಿ, ಬೇಕೆಂದಾಗ ತೆಗೆಯಬಹುದಾದ ಬಿಡಿ ಪ್ಯಾನೆಲ್ ಮಾಡುವ ಪಕ್ಷದವನು.

ಮೊದಲು ತೂತು ಮುಚ್ಚಿ

ಇದಕ್ಕೆ ನೂರಿನ್ನೂರು ರೂಪಾಯಿ ಸಾಕು. ಟಾರ್ಚ್ ಹಿಡಿದು ಒಬ್ಬರು ಬಾನೆಟ್ ಕಡೆ ನಿಲ್ಲಿ, ಇನ್ನೊಬ್ಬರು ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ. ಎಲ್ಲೆಲ್ಲಿ ಬೆಳಕು ಬರುತ್ತದೋ ಅಲ್ಲೆಲ್ಲ ಬಿಸಿ ಗಾಳಿ, ಪೆಟ್ರೋಲ್ ವಾಸನೆ, ಸದ್ದು ಎಲ್ಲ ಬರುತ್ತವೆ. ಸ್ಟೇರಿಂಗ್ ಕಂಬದ ಸುತ್ತ, ಪೆಡಲ್ ಬಳಿ, ವೈರ್ ಹೋಗುವ ಕಡೆ, ಯಾವ ಕಾಲದಲ್ಲೋ ಯಾರೋ ಹಾರ್ನ್‌ಗೆಂದು ಕೊರೆದು ಬಿಟ್ಟ ಜಾಗ. ನನ್ನ ಗಾಡಿಯಲ್ಲಿ ಹನ್ನೊಂದು ಸಿಕ್ಕವು.

ಸದ್ದಿನ ಲೆಕ್ಕ ಕೇಳಿದರೆ ಆಶ್ಚರ್ಯವಾಗುತ್ತದೆ. ಗೋಡೆಯ ನೂರರಲ್ಲಿ ಒಂದು ಪಾಲು ತೂತಿದ್ದರೆ ಸಾಕು. ಉಳಿದ ತೊಂಬತ್ತೊಂಬತ್ತು ಪಾಲು ಎಷ್ಟೇ ದಪ್ಪವಿರಲಿ, 20 ಡೆಸಿಬೆಲ್‌ಗಿಂತ ಜಾಸ್ತಿ ಸದ್ದು ತಡೆಯಲು ಆಗುವುದಿಲ್ಲ. ಹತ್ತು ಸಾವಿರದ ಶೀಟ್ ಹಾಕಿಸಿ ತೂತು ಹಾಗೇ ಬಿಟ್ಟವರನ್ನು ನೋಡಿದ್ದೇನೆ. ವೈರ್ ಹೋಗುವ ಕಡೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ), ಖಾಲಿ ತೂತಿಗೆ ರಬ್ಬರ್ ಬಿರಡೆ ಇಲ್ಲವೇ ತಗಡಿನ ತೇಪೆ. ಪಿ.ಬಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಗ್ರಾಮೆಟ್ ಬಿಡಿಯಾಗಿ ಸಿಗುತ್ತದೆ. ಬಜೆಟ್ ಇಷ್ಟೇ ಎನ್ನುವವರು ಈ ಕೆಲಸ ಮಾಡಿ ಒಂದು ವಾರ ಓಡಿಸಿ ನೋಡಿ. ಪದ್ಮಿನಿಯವರಿಗೆ ನಾನು ಮೊದಲು ಹೇಳಿದ್ದು ಇದನ್ನೇ.

ಈಗ ಶೀಟ್‌ಗಳ ವಿಚಾರ

ಡಾಂಬರಿನ ಶೀಟ್‌ನಿಂದ ಶುರು ಮಾಡೋಣ, ನನ್ನ ಪಾಠ ಅಲ್ಲಿಂದಲೇ ಶುರುವಾದದ್ದು. ಮನೆಯ ತಾರಸಿ ಸೋರದಂತೆ ಹಾಸುವ, ಮೇಲೆ ಬೆಳ್ಳಿ ಹಾಳೆ ಇರುವ ಶೀಟ್ ಇದೆಯಲ್ಲ, ಅದು. ಅಗ್ಗ. ಹೇರ್ ಡ್ರೈಯರ್ ಹಿಡಿದರೆ ಮೆತ್ತಗಾಗಿ ತಗಡಿಗೆ ಚೆನ್ನಾಗಿ ಕೂರುತ್ತದೆ. ಹಳೆ ಕಾರುಗಳ ನೆಲಕ್ಕೆ ಕಂಪನಿಗಳೇ ಡಾಂಬರಿನ ಪ್ಯಾಡ್ ಹಾಕುತ್ತಿದ್ದವು. ಆದ್ದರಿಂದ ತಪ್ಪೇನಿಲ್ಲ ಅಂದುಕೊಂಡು ಫೈರ್‌ವಾಲ್ ಪೂರ್ತಿ ಅಂಟಿಸಿದೆ. ಜನವರಿಯಲ್ಲಿ ಎಲ್ಲ ಚೆನ್ನಾಗಿತ್ತು. ಏಪ್ರಿಲ್‌ನಲ್ಲಿ ಕಾರಿನೊಳಗೆ ರಸ್ತೆ ಹಾಕುತ್ತಿದ್ದಾರೇನೋ ಎನ್ನುವಂಥ ವಾಸನೆ. ಒಂದು ದಿನ ಬಿಳಿ ಪಂಚೆಯ ಅಂಚಿಗೆ ಕಪ್ಪು ಕಲೆ. ಮದುವೆಗೆ ಹೋಗಬೇಕಿತ್ತು, ಬಿಡಿ.

ಎರಡು ತಪ್ಪು ಮಾಡಿದ್ದೆ. ತಾರಸಿಯ ಡಾಂಬರನ್ನು ಎಂಜಿನ್ ಗೋಡೆಗೆ ತಂದದ್ದು ಒಂದು. ಅದು ಕಾವು ತಡೆಯುತ್ತದೆ ಎಂದು ನಂಬಿದ್ದು ಇನ್ನೊಂದು. ಡಾಂಬರಿನ ಕೆಲಸ ತಗಡಿನ ನಡುಕ ಕಡಿಮೆ ಮಾಡುವುದು, ಅಷ್ಟೇ. ನಮ್ಮ ಬಯಲುಸೀಮೆಯ ಬಿಸಿಲಿಗೆ ಫೈರ್‌ವಾಲ್ ಮೇಲೆ ಇದು ಬೇಡವೇ ಬೇಡ.

ಅದೇ ಕೆಲಸವನ್ನು ಬ್ಯೂಟೈಲ್ ಶೀಟ್ ಚೆನ್ನಾಗಿ ಮಾಡುತ್ತದೆ. ಕಾರ್ ಸ್ಟೀರಿಯೋ ಅಂಗಡಿಯವರು "ಡ್ಯಾಂಪಿಂಗ್ ಶೀಟ್" ಎಂದು ಕೊಡುವುದು ಇದನ್ನೇ. ಕಪ್ಪು ಬ್ಯೂಟೈಲ್ ರಬ್ಬರ್, ಮೇಲೆ ಅಲ್ಯೂಮಿನಿಯಂ ಹಾಳೆ. ಬಿಸಿಗೆ ಡಾಂಬರಿನಂತೆ ಕರಗಿ ಇಳಿಯುವುದಿಲ್ಲ, ವಾಸನೆಯೂ ಕಡಿಮೆ. ಆದರೆ ದುಬಾರಿ, ಭಾರವೂ ಹೌದು: 2 ಮಿ.ಮೀ. ದಪ್ಪದ್ದು ಚದರ ಮೀಟರ್‌ಗೆ ಸುಮಾರು ಮೂರು ಕಿಲೋ. ಅಂಗಡಿಯವರು ಮೂಲೆಮೂಲೆಗೂ ಅಂಟಿಸೋಣ ಅಂತಾರೆ. ಅವರಿಗೆ ಲಾಭ. ತಗಡಿನ ನಡುಕ ನಿಲ್ಲಿಸಲು ಅದರ ಕಾಲು ಭಾಗದಿಂದ ಅರ್ಧ ಭಾಗ ಮುಚ್ಚಿದರೆ ಸಾಕು. ಬೆರಳಿನಿಂದ ತಗಡು ತಟ್ಟಿ ನೋಡಿ. ಎಲ್ಲಿ "ಡಂಗ್" ಅನ್ನುತ್ತದೋ ಅಲ್ಲಿ ಅಂಗೈ ಅಗಲದ ತುಂಡು ಅಂಟಿಸಿ. "ಟಪ್" ಅಂದರೆ ಆಯಿತು. ಇದೂ ಕಾವು ತಡೆಯುವ ಸಾಮಾನಲ್ಲ. ಮೇಲಿನ ಬೆಳ್ಳಿ ಹಾಳೆ ನೋಡಿ ಮೋಸ ಹೋಗಬೇಡಿ.

ಬೆಳ್ಳಿ ಹಾಳೆಯ ಮಾತು ಬಂತಲ್ಲ, ಅದನ್ನು ಇಲ್ಲೇ ಮುಗಿಸುತ್ತೇನೆ. ಹೊಳೆಯುವ ಅಲ್ಯೂಮಿನಿಯಂ ತನ್ನ ಮೇಲೆ ಬೀಳುವ ಕಾವಿನ ಕಿರಣದಲ್ಲಿ ನೂರಕ್ಕೆ ತೊಂಬತ್ತೈದರಷ್ಟು ವಾಪಸ್ ಕಳಿಸುತ್ತದೆ. ನಿಜ. ಆದರೆ ಅದರ ಮುಂದೆ ಒಂದೋ ಒಂದೂವರೆಯೋ ಸೆಂಟಿಮೀಟರ್ ಖಾಲಿ ಜಾಗ ಬೇಕು. ಎರಡು ಕಡೆಯೂ ಒತ್ತಿ ಕೂರಿಸಿದರೆ ಅದು ಬರೀ ಲೋಹ. ಕಾವನ್ನು ಸಲೀಸಾಗಿ ದಾಟಿಸುತ್ತದೆ. ಧೂಳು, ಆಯಿಲ್ ಕೂತರೂ ಹೊಳಪಿನ ಗುಣ ಹೋಯಿತು. ಶೆಡ್‌ಗಳ ತಗಡಿನ ಕೆಳಗೆ ಕಟ್ಟುವ ಗುಳ್ಳೆ ಶೀಟನ್ನು ಕೆಲವರು ಕಾರಿನ ಚಾವಣಿಯ ಒಳಗೆ ಹಾಕುತ್ತಾರೆ. ಅಲ್ಲಿ ಖಾಲಿ ಜಾಗ ಇರುವುದರಿಂದ ನಡೆಯುತ್ತದೆ. ಮ್ಯಾಟ್ ಕೆಳಗೆ ಹಾಕಿದರೆ ಗುಳ್ಳೆ ಒಡೆದು ಸುಮ್ನೆ ದಂಡ. ಫೈರ್‌ವಾಲ್‌ಗೆ ಬೇಡ. ಒಳಗಿನ ಪ್ಲಾಸ್ಟಿಕ್ ಎಂಜಿನ್ ಕಾವಿಗೆ ಮುದುಡುತ್ತದೆ, ಬೆಂಕಿಗೆ ಹನಿಯುತ್ತದೆ.

ಹತ್ತಿ ಫೆಲ್ಟ್, ಸೆಣಬಿನ ಫೆಲ್ಟ್ ಬಗ್ಗೆ ನಮ್ಮ ಊರಿನವರಿಗೆ ಹೇಳಬೇಕೇ? ಹತ್ತಿ ಗಿರಣಿಗಳ ಊರು ಇದು. ಹಾಸಿಗೆ ಅಂಗಡಿಯಲ್ಲಿ ಕೇಳಿದರೆ ಹಳೆ ಬಟ್ಟೆ ಹಿಂಜಿ ಮಾಡಿದ ಫೆಲ್ಟ್ ಅಗ್ಗಕ್ಕೆ ಸಿಗುತ್ತದೆ. ಕಂಪನಿಯ ಕಾಲದ ಮ್ಯಾಟ್ ಕೆಳಗೆ ಇದ್ದದ್ದೂ ಇಂಥದ್ದೇ. ಸದ್ದು ಹೀರುವುದರಲ್ಲಿ ಇದನ್ನು ಮೀರಿಸುವುದು ಕಡಿಮೆ. ಕಾವನ್ನೂ ಚೆನ್ನಾಗಿ ತಡೆಯುತ್ತದೆ. ಮೂಲ ರೂಪವೇ ಬೇಕು ಎನ್ನುವವರಿಗೆ ಇದಕ್ಕಿಂತ ಹತ್ತಿರದ್ದು ಇಲ್ಲ.

ಆದರೆ ಎರಡು ದೊಡ್ಡ ಕುಂದು. ನೀರು ಕುಡಿದು ಕೂರುತ್ತದೆ, ಬೆಂಕಿ ಹತ್ತಿದರೆ ಒಳಗೊಳಗೇ ಕನಲುತ್ತದೆ. ಪೆಟ್ರೋಲ್ ಹನಿ ಬಿದ್ದರಂತೂ ಅದು ದೀಪದ ಬತ್ತಿ. ಹಾಗಾಗಿ ನನ್ನ ಲೆಕ್ಕ ಇಷ್ಟು: ಸೀಟಿನ ಕೆಳಗೆ, ಹಿಂದಿನ ನೆಲಕ್ಕೆ, ಬಿಡಿಯಾಗಿ ಹಾಸಿ, ಮಳೆಗಾಲದ ಮುಂಚೆ ತೆಗೆದು ಬಿಸಿಲಿಗೆ ಒಣಗಿಸುತ್ತೀರಿ ಅಂದರೆ ಫೆಲ್ಟ್ ಒಳ್ಳೆಯದು. ಅಷ್ಟು ಪುರಸೊತ್ತಿಲ್ಲ ಅಂದರೆ ಬೇಡ. ಫೈರ್‌ವಾಲ್‌ನ ಎಂಜಿನ್ ಕಡೆಗೆ ಯಾವ ಕಾರಣಕ್ಕೂ ಬೇಡ.

ನನಗೆ ಕೊನೆಗೆ ಒಗ್ಗಿದ್ದು ನೈಟ್ರೈಲ್ ರಬ್ಬರ್ ಫೋಮ್. ಹೆಸರು ಹೊಸದು ಅನ್ನಿಸಬಹುದು, ಆದರೆ ನೀವೆಲ್ಲ ನೋಡಿದ್ದೀರಿ. ಎಸಿಯ ತಾಮ್ರದ ಪೈಪ್‌ಗೆ ಸುತ್ತಿರುವ ಕಪ್ಪು ಮೆತ್ತನೆಯ ಕೊಳವೆ ಅದೇ. ಅದರ ಶೀಟ್ ಕೂಡ ಬರುತ್ತದೆ, 9, 13, 19, 25 ಮಿ.ಮೀ. ದಪ್ಪದಲ್ಲಿ. ಎಸಿ ಕೆಲಸದವರನ್ನು ಕೇಳಿದರೆ ತರಿಸಿಕೊಡುತ್ತಾರೆ. ಒಳಗಿನ ಗುಳ್ಳೆಗಳೆಲ್ಲ ಮುಚ್ಚಿರುವುದರಿಂದ ನೀರು ಕುಡಿಯುವುದಿಲ್ಲ. ಸುಮಾರು 105 ಡಿಗ್ರಿವರೆಗೆ ತಡೆಯುತ್ತದೆ. ಒಳ್ಳೆ ದರ್ಜೆಯದು ಬೆಂಕಿ ತೆಗೆದ ಕೂಡಲೇ ಆರುತ್ತದೆ. ಹಗುರ. ಚಾಕುವಿನಲ್ಲಿ ಬೆಣ್ಣೆಯಂತೆ ಕತ್ತರಿಸಬಹುದು.

ಕುಂದು ಇಲ್ಲವೆಂದಲ್ಲ. ಹಗುರ ಇರುವುದರಿಂದಲೇ ಸದ್ದು ತಡೆಯುವುದರಲ್ಲಿ ಮಧ್ಯಮ. ಕಾಲಿನ ಹಿಮ್ಮಡಿ ಒತ್ತುವ ಕಡೆ ಕ್ರಮೇಣ ಚಪ್ಪಟೆಯಾಗುತ್ತದೆ. ಅಗ್ಗದ ಮಾಲು ಇದೇ ಬಣ್ಣದಲ್ಲಿ ಬರುತ್ತದೆ, ಬೆಂಕಿ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಅದಕ್ಕೇ ಮೊದಲು ಒಂದು ತುಂಡು ಕೇಳಿ ತಂದು ಸುಟ್ಟು ನೋಡಿ, ಆಮೇಲೆ ಮೀಟರ್‌ಗಟ್ಟಲೆ ಕೊಳ್ಳಿ.

ಡೀಸೆಲ್ ಗಾಡಿಯವರಿಗೆ ಇನ್ನೊಂದು ಪದರ ಬೇಕಾಗುತ್ತದೆ: ಭಾರದ ವಿನೈಲ್ ಶೀಟ್. 3 ಮಿ.ಮೀ. ದಪ್ಪದ್ದು ಚದರ ಮೀಟರ್‌ಗೆ ಸುಮಾರು ಐದು ಕಿಲೋ. ಸದ್ದು ತಡೆಯಲು ತೂಕವೇ ಬೇಕು, ಬೇರೆ ದಾರಿ ಇಲ್ಲ. ಫೋಮ್ ಮೇಲೆ ಈ ವಿನೈಲ್ ತೂಗುಬಿಟ್ಟರೆ ಡೀಸೆಲ್‌ನ ಗಡಗಡ ನಿಜಕ್ಕೂ ದೂರ ಸರಿಯುತ್ತದೆ. ಸುಮಾರು 40 ಎಚ್‌ಪಿಯ ಪದ್ಮಿನಿಗೆ ಇಷ್ಟು ಭಾರ ಹೇರುವುದು ನನಗೆ ಸರಿ ಕಾಣುವುದಿಲ್ಲ. ನೆಲ, ಬಾಗಿಲು, ಫೈರ್‌ವಾಲ್ ಎಲ್ಲಕ್ಕೂ ಎಲ್ಲ ಪದರ ಹಾಕಿದರೆ ಒಬ್ಬ ಮನುಷ್ಯನನ್ನು ಸದಾ ಹೊತ್ತುಕೊಂಡು ತಿರುಗಿದ ಹಾಗೆ.

ಥರ್ಮೋಕೋಲ್, ಸೀಟಿನ ಸ್ಪಂಜು ಎರಡೂ ಬೇಡ. ಮೊದಲನೆಯದು ಕುದಿಯುವ ನೀರಿನ ಬಿಸಿಗೂ ಮುಂಚೆಯೇ ಕುಗ್ಗುತ್ತದೆ, ಎರಡನೆಯದು ಕಡ್ಡಿ ಗೀರಿದರೆ ಭಗ್ ಅನ್ನುತ್ತದೆ. ಗ್ಲಾಸ್ ವೂಲ್ ಸುಡುವುದಿಲ್ಲ, ಆದರೆ ಎಳೆ ಉದುರಿ ಮೈ ಕೆರೆತ, ನೀರೂ ಕುಡಿಯುತ್ತದೆ. ಭಟ್ಟಿಗೆ ಹಾಕುವ ಸೆರಾಮಿಕ್ ಹೊದಿಕೆ ಸಾವಿರ ಡಿಗ್ರಿ ತಡೆಯುತ್ತದೆ ನಿಜ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕುಟುಂಬ ಕೂರುವ ಡಬ್ಬಿಯೊಳಗೆ ಅದೇಕೆ?

ಆಸ್ಬೆಸ್ಟಾಸ್ ಬಗ್ಗೆ ಮಾತ್ರ ಸ್ವಲ್ಪ ನಿಂತು ಕೇಳಿ. ಕೆಲವು ಹಳೆ ಮೇಸ್ತ್ರಿಗಳು ಈಗಲೂ "ಆಸ್ಬೆಸ್ಟಾಸ್ ಹಾಳೆ ಹಾಕಿ ಸ್ವಾಮಿ, ಅದರ ಮುಂದೆ ಏನೂ ಇಲ್ಲ" ಅಂತಾರೆ. ಕಾವಿನ ಮಟ್ಟಿಗೆ ಅವರ ಮಾತು ಸುಳ್ಳಲ್ಲ. ಆದರೆ ಅದರ ಎಲ್ಲ ಬಗೆಗಳೂ ಕ್ಯಾನ್ಸರ್ ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿ ಹೇಳಿದೆ. ಹೊಸದು ಹಾಕಬೇಡಿ. ಇನ್ನೊಂದು ವಿಷಯ: ನಿಮ್ಮ ಕಾರಿನ ಹಳೆ ಪ್ಯಾಡ್ ಬೂದು ಬಣ್ಣದ್ದು, ನಾರು ನಾರಾಗಿ ಪುಡಿಯಾಗುತ್ತಿದ್ದರೆ ಅದೇ ಇರಬಹುದು. ಒಣಗಿದ್ದಾಗ ಕೆರೆಯಬೇಡಿ, ಬ್ರಷ್ ಹೊಡೆಯಬೇಡಿ, ಕಂಪ್ರೆಸರ್ ಗಾಳಿ ಬಿಡಲೇಬೇಡಿ. ಗಟ್ಟಿಯಾಗಿದ್ದರೆ ಮುಟ್ಟದೆ ಮೇಲೆ ಮುಚ್ಚಿಬಿಡಿ. ಪುಡಿಯಾಗುತ್ತಿದ್ದರೆ ಈ ಕೆಲಸ ತಿಳಿದವರ ಕೈಗೆ ಕೊಡಿ.

ಎಂಜಿನ್ ಕಡೆಗೋ, ನಮ್ಮ ಕಡೆಗೋ?

ಇದು ತುಂಬ ಜನ ಎಡವುವ ಜಾಗ. ಎಂಜಿನ್ ಕಡೆಯೇ ತಡೆದುಬಿಟ್ಟರೆ ತಗಡೇ ಕಾಯುವುದಿಲ್ಲ, ಅದು ಸರಿಯಾದ ಯೋಚನೆ. ಆದರೆ ಅಲ್ಲಿ ಆಯಿಲ್, ಪೆಟ್ರೋಲ್, ನೀರು, ಎಲ್ಲ ಚೆಲ್ಲುತ್ತವೆ. ಮೆತ್ತನೆಯ ಯಾವ ಸಾಮಾನೂ ಅಲ್ಲಿ ಬಾಳುವುದಿಲ್ಲ. ಅಲ್ಲಿಗೆ ಬರೀ ಅಲ್ಯೂಮಿನಿಯಂ ತಗಡು ಸಾಕು. ಮ್ಯಾನಿಫೋಲ್ಡ್ ಎದುರಿನ ಜಾಗಕ್ಕೆ ಮಾತ್ರ, ಒಂದೂವರೆ ಅಡಿ ಅಗಲ ಇದ್ದರೆ ಆಯಿತು. ಫೈರ್‌ವಾಲ್‌ಗೆ ಒತ್ತಿ ಕೂರಿಸದೆ, ವಾಷರ್ ಅಥವಾ ಸಣ್ಣ ಪೈಪ್ ತುಂಡು ಇಟ್ಟು ಒಂದೂವರೆ ಸೆಂಟಿಮೀಟರ್ ಮುಂದಕ್ಕೆ ನಿಲ್ಲಿಸಿ. ಕೆಳಗೂ ಮೇಲೂ ಗಾಳಿ ಆಡಲಿ. ಟಿಂಕರಿಂಗ್ ಶೆಡ್‌ನಲ್ಲಿ ಅರ್ಧ ಗಂಟೆಯ ಕೆಲಸ. ನನ್ನ ಹೆಂಡತಿ ಕಾಲು ಕೆಳಗೆ ಬಿಟ್ಟದ್ದು ಇದನ್ನು ಹಾಕಿದ ಮೇಲೆಯೇ. ಒಳಗಿನ ಪ್ಯಾನೆಲ್ ಆಮೇಲೆ ಬಂತು.

ಒಳಗಿನ ಪ್ಯಾನೆಲ್‌ಗೆ ಬೆನ್ನು ಬೇಕಲ್ಲ? 3 ಮಿ.ಮೀ. ಹಾರ್ಡ್‌ಬೋರ್ಡ್ ಹಳೆ ಕಾರುಗಳ ಬಾಗಿಲಿಗೆ ಕಂಪನಿಯೇ ಹಾಕಿದ್ದ ಸಾಮಾನು. ಬಾಗುತ್ತದೆ, ಅಗ್ಗ. ನೀರು ತಾಗಿದರೆ ಹಪ್ಪಳದಂತೆ ಉಬ್ಬುತ್ತದೆ. ಎರಡು ಕೋಟ್ ವಾರ್ನಿಷ್ ಹೊಡೆದರೆ, ಅಂಚಿಗೂ ಹೊಡೆದರೆ, ತಕ್ಕಮಟ್ಟಿಗೆ ಬಾಳುತ್ತದೆ. ಬಾಗಿಲಿಗೆ ನಾನು ಇದನ್ನೇ ಹೇಳುತ್ತೇನೆ. ಫೈರ್‌ವಾಲ್‌ಗೆ ತೆಳು ಎಬಿಎಸ್ (ಗಟ್ಟಿ ಪ್ಲಾಸ್ಟಿಕ್) ಶೀಟ್ ಅಥವಾ ತೆಳು ಅಲ್ಯೂಮಿನಿಯಂ ಒಳ್ಳೆಯದು. ಬ್ಯಾನರ್ ಅಂಗಡಿಯವರ ಸನ್‌ಬೋರ್ಡ್ ಕತ್ತರಿಸಲು ಸುಲಭ ಎಂದು ಆಸೆಯಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅದು ಸೊಟ್ಟಗಾಗುತ್ತದೆ.

ಯಾರಿಗೆ ಯಾವುದು

ಪದ್ಮಿನಿಯವರಿಗೆ: ತೂತು ಮುಚ್ಚಿ, 9 ಮಿ.ಮೀ. ನೈಟ್ರೈಲ್ ಮಾತ್ರ ಹಾಕಿ. ಎರಡು ಸಾವಿರದ ಆಸುಪಾಸಿನಲ್ಲಿ ಮುಗಿಯಬೇಕು. ಬಾಗಿಲು ಬಡಿದಾಗ ಡಬ್ಬದ ಸದ್ದು ಬೇಡವೆಂದರೆ ಬಾಗಿಲಿಗೆ ನಾಲ್ಕು ತುಂಡು ಬ್ಯೂಟೈಲ್.

ಪೆಟ್ರೋಲ್ ಅಂಬಾಸಿಡರ್‌ಗೆ ನಾನು ಮಾಡಿಕೊಂಡದ್ದೇ: ಎಡಗಡೆ ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ಅಲ್ಲಲ್ಲಿ ಬ್ಯೂಟೈಲ್, ಅದರ ಮೇಲೆ 13 ಮಿ.ಮೀ. ನೈಟ್ರೈಲ್ ಅಂಟಿಸಿದ ಬಿಡಿ ಪ್ಯಾನೆಲ್. ಮುಂದಿನ ನೆಲವೂ ಸೇರಿ ನನಗೆ ಐದು ಸಾವಿರದ ಒಳಗೆ ಆಯಿತು. ಕೂಲಿ ಇಲ್ಲ, ಬೆನ್ನುನೋವು ಲೆಕ್ಕಕ್ಕಿಲ್ಲ.

ಡೀಸೆಲ್‌ನವರು ಇದರ ಮೇಲೆ ವಿನೈಲ್ ಸೇರಿಸಬೇಕು. ಖರ್ಚು ದುಪ್ಪಟ್ಟು ದಾಟುತ್ತದೆ. ಅದಕ್ಕೂ ಮುಂಚೆ ಎಂಜಿನ್ ಮೌಂಟಿಂಗ್ ರಬ್ಬರ್ ಮತ್ತು ಸೈಲೆನ್ಸರ್ ಜಾಯಿಂಟ್ ನೋಡಿಸಿ. ಅರ್ಧ ಸದ್ದು ಅಲ್ಲೇ ಇದ್ದರೆ ಶೀಟ್ ಹಾಕಿ ಏನು ಉಪಯೋಗ?

ಮೂಲ ರೂಪ ಬೇಕೆನ್ನುವವರು ಕಣ್ಣಿಗೆ ಕಾಣುವ ಪದರ ಮಾತ್ರ ಹಳೆಯದರಂತೆ ಮಾಡಿ. ಕಪ್ಪು ರೆಕ್ಸಿನ್ ಹೊದಿಸಿದ ಹಾರ್ಡ್‌ಬೋರ್ಡ್ ಮುಂದೆ, ಹಿಂದೆ ತೆಳು ನೈಟ್ರೈಲ್. ಯಾರೂ ಹಿಂದೆ ಕೈ ಹಾಕಿ ನೋಡುವುದಿಲ್ಲ. ನೋಡಿದರೂ ಬಿಚ್ಚಿಡಬಹುದು.

ಮಾಡುವಾಗ

ಬ್ಯಾಟರಿ ವೈರ್ ಬಿಚ್ಚಿ. ಫ್ರಿಜ್ಜಿನ ಖಾಲಿ ರಟ್ಟಿನಲ್ಲಿ ಮೊದಲು ಅಚ್ಚು ತೆಗೆಯಿರಿ. ಒಂದೇ ತುಂಡಿನಲ್ಲಿ ಆಗುವುದಿಲ್ಲ, ಸ್ಟೇರಿಂಗ್ ಕಂಬದ ಬಳಿ ಎರಡು ಮಾಡಿ. ತಗಡಿಗೆ ಹೊಸ ತೂತು ಕೊರೆಯಬೇಡಿ. ಕೊರೆಯಲೇಬೇಕೆಂದರೆ ಆಚೆ ಬದಿ ಬ್ರೇಕ್ ಪೈಪ್ ಇದೆಯೇ ನೋಡಿ. ಮುಚ್ಚುವ ಮುಂಚೆ ತುಕ್ಕು ಕೆರೆದು ಪ್ರೈಮರ್ ಹೊಡೆಯಿರಿ. ಮುಂದಿನ ಗಾಜಿನ ಮೇಲೆ ನಾಲ್ಕು ಚೊಂಬು ನೀರು ಸುರಿದು ಒಳಗೆ ಒದ್ದೆಯಾಗುತ್ತದೆಯೇ ನೋಡಿ. ಸೋರುವ ಗಾಡಿಗೆ ಪ್ಯಾನೆಲ್ ಹಾಕಬಾರದು. ಫೋಮನ್ನು ಪ್ಯಾನೆಲ್‌ಗೆ ಅಂಟಿಸಲು ಸನ್ಮೈಕಾದ ರಬ್ಬರ್ ಅಂಟು ಸಾಕು. ಎರಡೂ ಕಡೆ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಗಾಳಿಯಾಡುವ ಕಡೆ ಕೂತು ಮಾಡಿ, ಬೀಡಿ ಸಿಗರೇಟು ದೂರ.

ಎಲ್ಲ ಕೂರಿಸಿದ ಮೇಲೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಪೆಡಲ್ ನೋಡಿ. ಬ್ರೇಕ್, ಕ್ಲಚ್ ಪೂರ್ತಿ ಒತ್ತಿದಾಗ ಎಲ್ಲೂ ತಾಗಬಾರದು. ಆಕ್ಸಿಲರೇಟರ್ ನೆಲದವರೆಗೆ ಹೋಗಿ, ಬಿಟ್ಟ ಕೂಡಲೇ ವಾಪಸ್ ಬರಬೇಕು. ಒಂದು ಸೆಂಟಿಮೀಟರ್ ದಪ್ಪದ ಫೋಮ್ ಅದರ ಕೆಳಗೆ ಬಂದರೆ ಎಂಜಿನ್‌ಗೆ ಪೂರ್ತಿ ಗಾಳಿ ಸಿಗುವುದಿಲ್ಲ. ಅಂಚು ಎದ್ದು ಸಿಕ್ಕಿಹಾಕಿಕೊಂಡರೆ ಹೈವೇಯಲ್ಲಿ ಗಾಡಿ ನಿಲ್ಲುವುದಿಲ್ಲ. ಪೆಡಲ್‌ಗಳ ಕೆಳಗೆ ನಾನು ಫೋಮನ್ನೇ ಹಾಕಿಲ್ಲ, ಬರೀ ರಬ್ಬರ್ ಮ್ಯಾಟ್. ಅಲ್ಲಿ ಸ್ವಲ್ಪ ಬಿಸಿ ಬರುತ್ತದೆ, ಬರಲಿ.